ಅಚ್ಚಾದ ಶೀಟಿನ ತಪ್ಪನ್ನು ಕೋಡ್ ಹಿಡಿಯುವುದು ಹೇಗೆ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಹೆಚ್ಚಿನ ಕೆಲಸ ಊದುಬತ್ತಿ ಪೆಟ್ಟಿಗೆಗಳದ್ದು. ಈಚೆಗೆ ಒಂದು ರೀಪ್ರಿಂಟ್‌ನಲ್ಲಿ ಕನ್ನಡ ಅಕ್ಷರದ ಒತ್ತೊಂದು ಬೀಳದೆ ಇಡೀ ಲಾಟು ವಾಪಸ್ ಬಂತು. ಇನ್ನು ಮುಂದೆ ಹೀಗಾಗಬಾರದು ಎಂದು, ಪಾರ್ಟಿ ಸಹಿ ಹಾಕಿದ ಶೀಟನ್ನೂ ಹೊಸ ಶೀಟನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ಪೈಥಾನ್‌ನಲ್ಲಿ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯ ಆಬ್ಸ್‌ಡಿಫ್ ಬಳಸಿ ಒಂದರಿಂದ ಒಂದನ್ನು ಕಳೆದು ನೋಡಿದೆ. ಚಿತ್ರದ ತುಂಬ ಬಿಳಿ ಗೆರೆಗಳೇ ಬರುತ್ತವೆ. ಗೆಳೆಯರೊಬ್ಬರ ಮಾತು ಕೇಳಿ ಎರಡು ಚಿತ್ರ ಎಷ್ಟು ಹೋಲುತ್ತವೆ ಎಂದು ಅಂಕ ಕೊಡುವ ಎಸ್‌ಎಸ್‌ಐಎಂ ಹಾಕಿದರೆ 0.81 ಎಂದಿತು (ಪೂರ್ತಿ ಒಂದೇ ಆದರೆ 1). ಇದು ಪಾಸೋ ಫೇಲೋ? ಡೀಪ್ ಲರ್ನಿಂಗ್‌ಗೇ ಹೋಗಬೇಕೆ?

ಉತ್ತರ: 0.81 ಪಾಸೂ ಅಲ್ಲ, ಫೇಲೂ ಅಲ್ಲ. ನೀವು ತೆಗೆದ ಎರಡು ಫೋಟೋಗಳು ಒಂದಕ್ಕೊಂದು ಕೂತಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತಿದೆ. ನಿಮ್ಮ ಕೋಡಿನಲ್ಲಿ ದೋಷವಿಲ್ಲ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬರುವ ‘ವ್ಯತ್ಯಾಸ ಗುರುತಿಸಿ’ ಚಿತ್ರಗಳ ಮೂಲ ಫೈಲುಗಳನ್ನು ಕೊಟ್ಟರೆ ಅದೇ ಒಂದು ಸಾಲು ಥಟ್ಟನೆ ಉತ್ತರ ಕೊಡುತ್ತದೆ, ಯಾಕೆಂದರೆ ಅಲ್ಲಿ ಎರಡೂ ಚಿತ್ರ ಒಂದೇ ಫೈಲಿನಿಂದ ಹುಟ್ಟಿದವು. ನಿಮ್ಮದು ಹಾಗಲ್ಲ. ಎರಡು ಸಲ ಕೈಯಲ್ಲಿ ಹಿಡಿದು, ಬಹುಶಃ ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಫೋಟೋಗಳು. ಕಳೆಯುವುದು ಒಂದು ಸಾಲಿನ ಕೆಲಸ. ಕಳೆಯಲು ಯೋಗ್ಯವಾದ ಎರಡು ಚಿತ್ರ ತಯಾರಿಸುವುದೇ ನಿಜವಾದ ಕೆಲಸ.

ಆದರೆ ಕ್ಯಾಮೆರಾ ವಿಷಯಕ್ಕೆ ಹೋಗುವ ಮೊದಲು ಆ ಒತ್ತಿನ ಕಥೆಯನ್ನೇ ಸ್ವಲ್ಪ ಕೆದಕಬೇಕು. ಇಡೀ ಲಾಟಿನಲ್ಲಿ ಒತ್ತು ಬಿದ್ದಿಲ್ಲ ಎಂದರೆ ಅದು ಮಷೀನಿನ ತಪ್ಪಲ್ಲ. ಮಷೀನು ತಪ್ಪು ಮಾಡಿದರೆ ಕೆಲವು ಶೀಟಿನಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಎಲ್ಲ ಶೀಟಿನಲ್ಲೂ ಇಲ್ಲವೆಂದರೆ ಅಚ್ಚೊತ್ತುವ ಪ್ಲೇಟಿನಲ್ಲೇ ಇರಲಿಲ್ಲ. ಪ್ಲೇಟಿನಲ್ಲಿ ಇಲ್ಲವೆಂದರೆ ಬಹುತೇಕ ಫೈಲಿನಲ್ಲೇ ಹೋಗಿದೆ. ರೀಪ್ರಿಂಟ್‌ಗಾಗಿ ಹಳೆಯ ಫೈಲನ್ನು ಯಾರೋ ಬೇರೆ ಕಂಪ್ಯೂಟರಿನಲ್ಲಿ ತೆರೆದಿರುತ್ತಾರೆ. ಅಕ್ಷರಗಳು ಯೂನಿಕೋಡ್ ಪೂರ್ವದ ಕನ್ನಡ ಫಾಂಟಿನಲ್ಲಿದ್ದು, ಆ ಕಂಪ್ಯೂಟರಿನಲ್ಲಿ ಆ ಫಾಂಟೋ ಅದೇ ಆವೃತ್ತಿಯೋ ಇಲ್ಲದಿದ್ದರೆ ಒತ್ತು, ದೀರ್ಘ, ಅರ್ಕಾವತ್ತುಗಳು ಸದ್ದಿಲ್ಲದೆ ಉದುರುತ್ತವೆ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಬರಿಯ ಆಕಾರವಾಗಿಸಿ, ಇಟ್ಟಿದ್ದರೆ ಹೀಗಾಗುವುದಿಲ್ಲ. ಕನ್ನಡ ಓದಲು ಬಾರದ ಆಪರೇಟರ್ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಹಾಗಾಗಿ ಮೊದಲು ಮಾಡಬೇಕಾದ್ದು ಫೋಟೋ ಕೆಲಸವೇ ಅಲ್ಲ. ಹಿಂದಿನ ಸಲ ಒಪ್ಪಿಗೆಯಾದ ಪಿಡಿಎಫ್ ಮತ್ತು ಈಗ ಪ್ಲೇಟಿಗೆ ಹೋಗುತ್ತಿರುವ ಪಿಡಿಎಫ್, ಎರಡನ್ನೂ ಒಂದೇ ತಂತ್ರಾಂಶದಲ್ಲಿ, ಒಂದೇ ಡಿಪಿಐನಲ್ಲಿ (ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಲೆಕ್ಕ) ಚಿತ್ರವಾಗಿಸಿ ಕಳೆಯಿರಿ. ಇಲ್ಲಿ ಲೆನ್ಸಿಲ್ಲ, ಬೆಳಕಿಲ್ಲ, ಕೈ ನಡುಕವಿಲ್ಲ. ಪತ್ರಿಕೆಯ ಆ ಚಿತ್ರಗಳ ಹಾಗೆ ಒಂದೇ ಸಾಲಿನ ಆಬ್ಸ್‌ಡಿಫ್ ಸಾಕು, ಬದಲಾದದ್ದು ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಮಿನುಗುತ್ತದೆ. ಪಿಡಿಎಫನ್ನು ಚಿತ್ರವಾಗಿಸುವ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದಲ್ಲಿ ಟಿಫ್‌ಸೆಪ್ ಎಂಬ ಔಟ್‌ಪುಟ್ ಇದೆ. ಅದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಮತ್ತು ವಿಶೇಷ ಬಣ್ಣಗಳಿದ್ದರೆ ಅವನ್ನೂ ಬೇರೆ ಬೇರೆ ಫೈಲಾಗಿ ಕೊಡುತ್ತದೆ. ಬಣ್ಣ ಬಣ್ಣಕ್ಕೇ ಹೋಲಿಸಿ. ಪರದೆಯ ಮೇಲೆ ಕಾಣುವ ಬಿಳಿ ಅಕ್ಷರ ಓವರ್‌ಪ್ರಿಂಟ್ ಆಗಿ (ಕೆಳಗಿನ ಬಣ್ಣದಲ್ಲಿ ಜಾಗ ಬಿಡಿಸದೆ ಅದರ ಮೇಲೇ ಬೀಳುವಂತಾಗಿ) ಪ್ಲೇಟಿನಲ್ಲಿ ಮಾಯವಾಗುವಂಥ ತಪ್ಪೂ ಆಗ ಸಿಕ್ಕಿಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ ಪ್ರೆಸ್ಸಿಗೆ ಈ ಒಂದು ಕೆಲಸದಿಂದ ಆಗುವ ಉಪಯೋಗ, ಮುಂದೆ ನಾನು ಹೇಳುವ ಎಲ್ಲದಕ್ಕಿಂತ ಹೆಚ್ಚು. ಕಾಸೂ ಖರ್ಚಿಲ್ಲ. ಸಹಿ ಹಾಕಿದ ಶೀಟಿನಲ್ಲೇ ಒತ್ತು ಇಲ್ಲದಿದ್ದರೆ ಮಾತ್ರ ಯಾವ ಹೋಲಿಕೆಯೂ ಅದನ್ನು ಹಿಡಿಯದು, ಅದನ್ನು ಕನ್ನಡ ಬಲ್ಲವರು ಕೂತು ಓದಲೇಬೇಕು.

ಇನ್ನು ಮಷೀನಿನ ಮೇಲೆ ಹುಟ್ಟುವ ತಪ್ಪುಗಳು. ಇಂಕನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಬ್ಲಾಂಕೆಟ್ ಮೇಲೆ ಧೂಳು ಕೂತು ಬರುವ ಹಿಕ್ಕಿ ಎಂಬ ಚುಕ್ಕೆ, ಪ್ಲೇಟಿನ ಗೀರು, ನೀರು ಹೆಚ್ಚುಕಮ್ಮಿಯಾಗಿ ಖಾಲಿ ಜಾಗದಲ್ಲಿ ಏಳುವ ತೆಳು ಬಣ್ಣದ ಟಿಂಟು, ಒಂದು ಬಣ್ಣ ಪಕ್ಕಕ್ಕೆ ಸರಿದು ರಿಜಿಸ್ಟರ್ ತಪ್ಪುವುದು. ಇವಕ್ಕೆ ಅಚ್ಚಾದ ಶೀಟನ್ನೇ ನೋಡಬೇಕು. ಇಲ್ಲಿ ನಿಮ್ಮ ಪ್ರಶ್ನೆ ಶುರುವಾಗುತ್ತದೆ.

ಆ ಬಿಳಿ ಗೆರೆಗಳನ್ನು ಬೈಯಬೇಡಿ, ಅವನ್ನು ಓದಿ. ಶೀಟಿನ ಎಲ್ಲ ಕಡೆ ಅಕ್ಷರಗಳ ಅಂಚಿನಲ್ಲಿ ಒಂದೇ ದಪ್ಪದ ಗೆರೆ ಬಂದಿದ್ದರೆ ಚಿತ್ರ ಪೂರ್ತಿಯಾಗಿ ಪಕ್ಕಕ್ಕೆ ಸರಿದಿದೆ. ನಡುವೆ ತೆಳ್ಳಗಿದ್ದು ಮೂಲೆಗೆ ಹೋದಂತೆ ದಪ್ಪವಾಗಿದ್ದರೆ ಫೋಟೋ ತಿರುಗಿದೆ, ಇಲ್ಲವೇ ಮೊಬೈಲು ಹತ್ತಿರ ದೂರ ಆಗಿದೆ. ಗೆರೆಗಳಿಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೂದು ಬಣ್ಣ ಹರಡಿದ್ದರೆ ಅದು ಬೆಳಕಿನ ವ್ಯತ್ಯಾಸ. ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಒಂದೇ ಒಂದು ಪಿಕ್ಸೆಲ್ ಸರಿದರೂ, ಅಂಚಿನಲ್ಲಿ 0 (ಪೂರ್ತಿ ಕಪ್ಪು) ಇದ್ದ ಕಡೆ 255 (ಪೂರ್ತಿ ಬಿಳಿ) ಬಂದು ಕೂರುತ್ತದೆ. ಅಂದರೆ ಸಿಗಬಹುದಾದ ಅತಿ ದೊಡ್ಡ ವ್ಯತ್ಯಾಸ. ನಿಜವಾದ ತಪ್ಪು ಅದರ ಮುಂದೆ ಮಂಕಾಗಿ ಕಾಣುತ್ತದೆ.

ನಡುವೆ ಒಂದು ಎಚ್ಚರಿಕೆ. ಆಬ್ಸ್‌ಡಿಫ್ ಬಿಟ್ಟು ನೇರವಾಗಿ ಮೈನಸ್ ಚಿಹ್ನೆ ಹಾಕಿ ಕಳೆಯಬೇಡಿ. 8 ಬಿಟ್ಟಿನ ಲೆಕ್ಕದಲ್ಲಿ ಋಣ ಸಂಖ್ಯೆ ಇಲ್ಲ. 100ರಿಂದ 103 ಕಳೆದರೆ ಪೈಥಾನಿನ ಲೆಕ್ಕದ ಲೈಬ್ರರಿ ನಂಪೈ 253 ಎನ್ನುತ್ತದೆ. ಕಣ್ಣಿಗೆ ಕಾಣದ ಮೂರರ ವ್ಯತ್ಯಾಸ ಬೆಳ್ಳಗೆ ಉರಿಯುತ್ತದೆ.

ಮೊಬೈಲನ್ನು ಪಕ್ಕಕ್ಕಿಡಿ. ಎ4 ಅಳತೆಯ ಸಾಮಾನ್ಯ ಫ್ಲಾಟ್‌ಬೆಡ್ ಸ್ಕ್ಯಾನರ್ ನಿಮ್ಮ ಅರ್ಧ ತೊಂದರೆ ಕಳೆಯುತ್ತದೆ. ಬೆಳಕು ಅದರೊಳಗೇ ಇದೆ, ದೂರ ಬದಲಾಗುವುದಿಲ್ಲ. ಅದರ ಆಟೋ ಕರೆಕ್ಷನ್, ಶಾರ್ಪನಿಂಗ್ ಎಲ್ಲ ಆಫ್ ಮಾಡಿ, ಟಿಫ್ ಅಥವಾ ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ 8×8ರ ಚೌಕಗಳಲ್ಲಿ ಚಿತ್ರವನ್ನು ಹಿಂಡುತ್ತದೆ, ಅಕ್ಷರದ ಅಂಚಿನ ಸುತ್ತ ಅದರ ಕಲೆಗಳು ಉಳಿಯುತ್ತವೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿಕೊಂಡ ಚಿತ್ರವಂತೂ ಇನ್ನೊಮ್ಮೆ ಹಿಂಡಿಸಿಕೊಂಡು ಬಂದಿರುತ್ತದೆ, ಅದನ್ನು ಹೋಲಿಕೆಗೆ ಮುಟ್ಟಲೇಬೇಡಿ. ಇಡೀ ಶೀಟೇ ಬೇಕೆಂದು ಕ್ಯಾಮೆರಾ ಕಟ್ಟುವುದಾದರೆ ನೆತ್ತಿಯ ಮೇಲೆ ನೇರ ಕ್ಯಾಮೆರಾ, ಎರಡು ಪಕ್ಕದಿಂದ 45 ಡಿಗ್ರಿಯಲ್ಲಿ ದೀಪ, ಕಿಟಕಿಗೆ ಪರದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸಾಮಾನ್ಯ ದೀಪಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಷಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬರುವುದಿಲ್ಲ.

ಚಿನ್ನದ ಫಾಯಿಲ್ ಒತ್ತಿದ ಪೆಟ್ಟಿಗೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದು ಕನ್ನಡಿಯ ಜಾತಿ. ಸ್ಕ್ಯಾನರಿನಲ್ಲಿ ಬೆಳಕು ಬೇರೆಲ್ಲೋ ಚಿಮ್ಮಿ, ಫಾಯಿಲ್ ಕಪ್ಪಗೆ ಕಾಣುತ್ತದೆ, ಬೋರ್ಡು ಕೊಂಚ ಎದ್ದರೂ ರೂಪ ಬದಲಾಗುತ್ತದೆ. ಆ ಭಾಗಕ್ಕೆ ಮಾಸ್ಕ್ ಹಾಕಿ ಹೋಲಿಕೆಯಿಂದ ಹೊರಗಿಡಿ. ಫಾಯಿಲನ್ನು ಕಣ್ಣಲ್ಲೇ ನೋಡಿ. ಬ್ಯಾಚ್ ನಂಬರು, ಪ್ಯಾಕಿಂಗ್ ತಿಂಗಳು, ಬೆಲೆ ಬೀಳುವ ಜಾಗಕ್ಕೂ ಇದೇ ಮಾಸ್ಕ್.

ಸ್ಕ್ಯಾನರಿನಲ್ಲೂ ಶೀಟು ಪ್ರತಿ ಸಲ ಕೂದಲೆಳೆಯಷ್ಟು ಓರೆಯಾಗಿಯೇ ಕೂರುತ್ತದೆ, ಅದನ್ನು ಕೋಡಿನಲ್ಲಿ ಸರಿಪಡಿಸಬೇಕು. ದಾರಿ ಇದು: ಓಆರ್‌ಬಿ ಎಂಬ ವಿಧಾನ ಎರಡೂ ಚಿತ್ರಗಳಲ್ಲಿ ಮೂಲೆ, ಚುಕ್ಕೆಯಂಥ ಗುರುತುಗಳನ್ನು ಹೆಕ್ಕಿ ಜೋಡಿ ಮಾಡುತ್ತದೆ. ಆ ಜೋಡಿಗಳಿಂದ ಹೋಮೋಗ್ರಫಿ ಎಂಬ 3×3 ಕೋಷ್ಟಕ ಸಿಗುತ್ತದೆ, ಅದಕ್ಕೆ ಕನಿಷ್ಠ ನಾಲ್ಕು ಜೋಡಿ ಬಿಂದು ಬೇಕು. ಅದರಂತೆ ಹೊಸ ಚಿತ್ರವನ್ನು ಹಳೆಯದರ ಮೇಲೆ ಕೂರಿಸುವುದು. ಊದುಬತ್ತಿ ಪೆಟ್ಟಿಗೆಯಲ್ಲಿ ಇದಕ್ಕೆ ಒಂದು ತೊಡಕಿದೆ. ಬಳ್ಳಿಯ ಅಂಚು, ಒಂದೇ ದೇವರ ಚಿತ್ರ, ಒಂದೇ ಹೆಸರು ಪ್ರತಿ ಮುಖದಲ್ಲೂ ಮತ್ತೆ ಮತ್ತೆ ಬರುತ್ತದೆ, ಜೋಡಿಗಳು ಅದಲುಬದಲಾಗುತ್ತವೆ. ಇಂಥ ತಪ್ಪು ಜೋಡಿಗಳನ್ನು ಸೋಸಲೆಂದೇ 1981ರಲ್ಲಿ ಫಿಶ್ಲರ್ ಮತ್ತು ಬೋಲ್ಸ್ ಕೊಟ್ಟ ರ್‍ಯಾನ್ಸ್ಯಾಕ್ ಇದೆ. ಅದನ್ನು ಬಿಟ್ಟು ಹೋಮೋಗ್ರಫಿ ಹಾಕಬೇಡಿ. ಇನ್ನೂ ಸುಲಭವೆಂದರೆ ನಿಮ್ಮ ಶೀಟಿನಲ್ಲಿ ಈಗಾಗಲೇ ಇರುವ ರಿಜಿಸ್ಟರ್ ಮಾರ್ಕುಗಳನ್ನೇ ಹಿಡಿದು ಕೂರಿಸುವುದು. ಕೊನೆಯಲ್ಲಿ ಫೈಂಡ್‌ಟ್ರಾನ್ಸ್‌ಫಾರ್ಮ್‌ಇಸಿಸಿ ಎಂಬ ಫಂಕ್ಷನ್ ಹಾಕಿದರೆ ಪಿಕ್ಸೆಲ್‌ಗಿಂತ ಕಡಿಮೆ ಅಂತರದವರೆಗೂ ತಿದ್ದಬಹುದು.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಚಿತ್ರವನ್ನು ಚಿತ್ರಕ್ಕೆ ಅಷ್ಟು ಚೆನ್ನಾಗಿ ಕೂರಿಸಿದ ಮೇಲೆ, ಪೆಟ್ಟಿಗೆಯ ಆಕಾರ ಕತ್ತರಿಸುವ ಡೈ ಕಟಿಂಗ್ ಎರಡು ಮಿಲಿಮೀಟರ್ ಪಕ್ಕಕ್ಕೆ ಹೋಗಿ ಪೆಟ್ಟಿಗೆಯ ಮಡಿಕೆ ದೇವರ ಮುಖದ ಮೇಲೆ ಬಂದಿದ್ದರೂ ಕೋಡ್ ‘ಎಲ್ಲ ಸರಿ’ ಎನ್ನುತ್ತದೆ. ಕೂರಿಸುವ ಹೆಜ್ಜೆ ಆ ತಪ್ಪನ್ನು ನುಂಗಿಬಿಟ್ಟಿರುತ್ತದೆ. ಕತ್ತರಿಸಿದ ಅಂಚಿನಿಂದ ಅಚ್ಚಿನವರೆಗಿನ ದೂರವನ್ನು ಬೇರೆಯಾಗಿ ಅಳೆಯಲೇಬೇಕು.

ಈಗ ಹೋಲಿಕೆ. ಬಹಳ ಜನ ಮೊದಲಿಗೇ ಚಿತ್ರವನ್ನು ಗ್ರೇಸ್ಕೇಲ್ ಮಾಡಿಬಿಡುತ್ತಾರೆ. ಓಪನ್‌ಸಿವಿಯ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ. 200 ಬೆಲೆಯ ಶುದ್ಧ ಕೆಂಪು ಬೂದಾದಾಗ 60, 102 ಬೆಲೆಯ ಶುದ್ಧ ಹಸಿರು ಬೂದಾದಾಗಲೂ 60. ಕುಂಕುಮದ ಬಣ್ಣದ ಜಾಗದಲ್ಲಿ ಎಲೆ ಹಸಿರು ಬಂದರೂ ಕೋಡಿಗೆ ಗೊತ್ತಾಗುವುದಿಲ್ಲ. ಬಣ್ಣದ ಕೆಲಸಕ್ಕೆ ಹೊಳಪನ್ನೂ ಬಣ್ಣವನ್ನೂ ಬೇರೆಯಾಗಿಸುವ ಲ್ಯಾಬ್ ಬಣ್ಣ ಪದ್ಧತಿಗೆ ಬದಲಾಯಿಸಿ ಮೂರು ಚಾನೆಲ್ಲನ್ನೂ ನೋಡಿ. ಆದರೂ ಒಟ್ಟಾರೆ ಇಂಕು ತೆಳುವೋ ಗಾಢವೋ ಎಂಬ ತೀರ್ಪನ್ನು ಸ್ಕ್ಯಾನರ್ ಕೈಗೆ ಕೊಡಬೇಡಿ, ಅದಕ್ಕೆ ನಿಮ್ಮಲ್ಲಿರುವ ಡೆನ್ಸಿಟೋಮೀಟರೇ ಸರಿ.

ಎಸ್‌ಎಸ್‌ಐಎಂ ವಿಷಯ. 2004ರಲ್ಲಿ ವಾಂಗ್, ಬೋವಿಕ್, ಶೇಖ್, ಸಿಮೊನ್ಸೆಲಿ ಅವರ ಪ್ರಬಂಧದಲ್ಲಿ ಬಂದ ಅಳತೆಯಿದು. ಹಿಂಡಿದ ಚಿತ್ರ ಮನುಷ್ಯರ ಕಣ್ಣಿಗೆ ಎಷ್ಟು ಹಾಳಾಗಿ ಕಾಣುತ್ತದೆ ಎಂದು ತಿಳಿಯುವುದು ಅವರ ಉದ್ದೇಶ, ಶೀಟು ಪಾಸೋ ಫೇಲೋ ಎಂದಲ್ಲ. ಲೆಕ್ಕ ನೋಡಿ: 600 ಡಿಪಿಐನಲ್ಲಿ ಒಂದು ಎ4 ಸ್ಕ್ಯಾನ್ 4960×7016, ಅಂದರೆ ಸುಮಾರು 3.48 ಕೋಟಿ ಪಿಕ್ಸೆಲ್. ಸಣ್ಣ ಅಕ್ಷರದ ಒಂದು ಒತ್ತು ಇನ್ನೂರು ಚಿಲ್ಲರೆ ಪಿಕ್ಸೆಲ್. ಅದು ಹೋದರೂ ಒಟ್ಟು ಅಂಕ 0.999ರ ಮೇಲೇ ಉಳಿಯುತ್ತದೆ. ಬಳಸುವುದಾದರೆ ಅಂಕ ಬಿಟ್ಟು, ಪೈಥಾನಿನ ಸ್ಕೈಕಿಟ್-ಇಮೇಜ್ ಲೈಬ್ರರಿಯಲ್ಲಿ ‘ಫುಲ್’ ಎಂಬ ಆಯ್ಕೆ ಹಾಕಿದರೆ ಸಿಗುವ ಪಿಕ್ಸೆಲ್‌ವಾರು ನಕ್ಷೆಯನ್ನು ನೋಡಿ.

ಅಚ್ಚಿನ ಕೆಲಸಕ್ಕೆ ನಾನು ನೆಚ್ಚುವುದು ಬೇರೆ ಉಪಾಯ. ಒಳ್ಳೆಯ ಶೀಟಿನ ಚಿತ್ರದಿಂದ ಎರಡು ಚಿತ್ರ ಮಾಡಿಕೊಳ್ಳಿ. ಒಂದರಲ್ಲಿ ಪ್ರತಿ ಪಿಕ್ಸೆಲ್ ಜಾಗದಲ್ಲೂ ಅದರ ಸುತ್ತಲಿನ 3×3 ಚೌಕದ ಅತಿ ಕಡಿಮೆ ಬೆಲೆ, ಇನ್ನೊಂದರಲ್ಲಿ ಅತಿ ಹೆಚ್ಚಿನ ಬೆಲೆ. ಓಪನ್‌ಸಿವಿಯ ಇರೋಡ್ ಮತ್ತು ಡೈಲೇಟ್ ಮಾಡುವುದು ಇದನ್ನೇ. ಹೊಸ ಶೀಟಿನ ಪಿಕ್ಸೆಲ್ ಈ ಎರಡರ ನಡುವೆ, ಆಚೀಚೆ ಒಂದಿಷ್ಟು ವಿನಾಯಿತಿ ಸೇರಿ, ಇದ್ದರೆ ಸರಿ. ಹೊರಗೆ ಹೋದರೆ ತಪ್ಪು. ಒಂದು ಪಿಕ್ಸೆಲ್‌ನ ಅಲುಗಾಟ ಇದರಲ್ಲಿ ತಾನಾಗಿ ಮಾಫಿಯಾಗುತ್ತದೆ, ಬಿಳಿ ಗೆರೆಗಳು ಮಾಯವಾಗುತ್ತವೆ. ನೂರಾರು ಸಾಲಿನ ಕೋಡೂ ಬೇಕಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ನಿಮ್ಮ ಒತ್ತಿಗೆ ಸಂಬಂಧಿಸಿದ್ದು. ಒತ್ತಿನ ಗೆರೆ 0.2 ಮಿಲಿಮೀಟರ್ ದಪ್ಪ ಎಂದುಕೊಳ್ಳಿ. 300 ಡಿಪಿಐನಲ್ಲಿ ಅದು ಎರಡೂವರೆ ಪಿಕ್ಸೆಲ್ ಹತ್ತಿರ. ಅಷ್ಟು ತೆಳುವಾದ ಗೆರೆಯ ಹೆಚ್ಚುಕಡಿಮೆ ಎಲ್ಲ ಪಿಕ್ಸೆಲ್‌ಗೂ ಪಕ್ಕದಲ್ಲೇ ಬಿಳಿ ಇರುತ್ತದೆ, ಹಾಗಾಗಿ ‘ಇಲ್ಲಿ ಬಿಳಿ ಬಂದರೂ ಸರಿ’ ಎಂದು ಈ ವಿಧಾನ ಒಪ್ಪಿಬಿಡುತ್ತದೆ. ಒತ್ತು ಪೂರ್ತಿ ಹೋದರೂ ಹಿಡಿಯದು. 600 ಡಿಪಿಐನಲ್ಲಿ ಅದೇ ಗೆರೆ ಐದು ಪಿಕ್ಸೆಲ್ ಹತ್ತಿರ, ನಡುವಿನ ಎರಡು ಮೂರು ಪಿಕ್ಸೆಲ್ ಗಟ್ಟಿಯಾಗಿ ನಿಲ್ಲುತ್ತವೆ, ತಪ್ಪು ಸಿಕ್ಕಿಬೀಳುತ್ತದೆ. ಆದ್ದರಿಂದ ಸಣ್ಣ ಅಕ್ಷರವಿರುವ ಕಡೆ 600 ಡಿಪಿಐಗಿಂತ ಕೆಳಗೆ ಬರಬೇಡಿ. ಚಿತ್ರದ ಭಾಗಕ್ಕೆ ಉಲ್ಟಾ ಸಮಸ್ಯೆ: ಚಿತ್ರ ಮೂಡಿಸುವ 175 ಲೈನ್ ಸ್ಕ್ರೀನಿನ (ಇಂಚಿಗೆ 175 ಸಾಲು) ಚುಕ್ಕೆಗಳು 600 ಡಿಪಿಐನಲ್ಲಿ ಬಿಡಿಬಿಡಿಯಾಗಿ ಕಂಡು ಗಲಾಟೆ ಮಾಡುತ್ತವೆ. ಅಲ್ಲಿ ಮೊದಲು ಗಾಸಿಯನ್ ಬ್ಲರ್ ಹಾಕಿ ಚುಕ್ಕೆಗಳನ್ನು ಕರಗಿಸಿ. ಅಕ್ಷರದ ಭಾಗಕ್ಕೆ ಒಂದು ನಿಯಮ, ಚಿತ್ರದ ಭಾಗಕ್ಕೆ ಇನ್ನೊಂದು. ಒಂದೇ ನಿಯಮದಲ್ಲಿ ಇಡೀ ಪೆಟ್ಟಿಗೆಯನ್ನು ನೋಡಲು ಹೊರಟರೆ ಎರಡೂ ಕೆಡುತ್ತವೆ.

ಎಷ್ಟು ವ್ಯತ್ಯಾಸವಾದರೆ ತಪ್ಪು ಎಂಬ ಗಡಿಯನ್ನು, ಅದನ್ನು ತಾನೇ ಲೆಕ್ಕಹಾಕುವ ಓಟ್ಸು ವಿಧಾನಕ್ಕೆ ಬಿಡಬೇಡಿ. 1979ರ ಆ ವಿಧಾನ ಪಠ್ಯದಲ್ಲಿರುವುದರಿಂದ ಎಲ್ಲರೂ ಹಾಕುತ್ತಾರೆ. ಆದರೆ ಅದು ಯಾವ ಚಿತ್ರ ಕೊಟ್ಟರೂ ಎರಡು ಪಾಲು ಮಾಡಿಯೇ ತೀರುತ್ತದೆ. ತಪ್ಪೇ ಇಲ್ಲದ ಶೀಟಿನಲ್ಲೂ ಬರಿಯ ಗದ್ದಲವನ್ನು ‘ತಪ್ಪು’ ಎಂದು ತೋರಿಸುತ್ತದೆ. ಬದಲಿಗೆ ನಿಮ್ಮ ಕಣ್ಣಿಗೆ ಒಪ್ಪಿಗೆಯಾದ ಇಪ್ಪತ್ತು ಮೂವತ್ತು ಶೀಟುಗಳನ್ನು ರನ್‌ನ ಶುರು, ನಡು, ಕೊನೆಯಿಂದ ಆರಿಸಿ ಸ್ಕ್ಯಾನ್ ಮಾಡಿ, ಅವುಗಳ ನಡುವೆಯೇ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಒಳ್ಳೆಯ ಶೀಟುಗಳ ನಡುವಿನ ವ್ಯತ್ಯಾಸಕ್ಕಿಂತ ಕೊಂಚ ಮೇಲೆ ನಿಮ್ಮ ಗಡಿ. ಆಮೇಲೆ ಉಳಿದ ಪುಡಿ ಚುಕ್ಕೆಗಳನ್ನು ತೆಗೆಯಲು ಮಾರ್ಫಾಲಜಿಯ ಓಪನಿಂಗ್ ಹಾಕಿ ಎಂದು ಪಾಠಗಳಲ್ಲಿ ಇರುತ್ತದೆ. ಅಕ್ಷರದ ಭಾಗದಲ್ಲಿ ಅದು ಬೇಡ, ಮೇಲಿನ ಲೆಕ್ಕದಲ್ಲಿ ಉಳಿದ ಎರಡು ಮೂರು ಪಿಕ್ಸೆಲ್ ದಪ್ಪದ ಗೆರೆಯನ್ನೇ ಅದು ಅಳಿಸಿಬಿಡಬಹುದು. ಕನೆಕ್ಟೆಡ್ ಕಾಂಪೊನೆಂಟ್ಸ್ ಬಳಸಿ, ಒಂದಕ್ಕೊಂದು ಅಂಟಿಕೊಂಡ ಪಿಕ್ಸೆಲ್‌ಗಳ ಗುಂಪನ್ನು ಎಣಿಸಿ, ಇಷ್ಟಕ್ಕಿಂತ ಚಿಕ್ಕದನ್ನು ಬಿಡು ಎನ್ನಿ. ಎಷ್ಟಕ್ಕಿಂತ ಎಂಬುದು ನಿಮ್ಮ ಪ್ರೆಸ್ಸಿನವರು ಪಾರ್ಟಿಯ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕಾದದ್ದು. ದೇವರ ಕಣ್ಣಿನ ಮೇಲಿನ ಚಿಕ್ಕ ಹಿಕ್ಕಿ ಮತ್ತು ಅಂಟು ಹಚ್ಚುವ ಪಟ್ಟಿಯ ಮೇಲಿನ ದೊಡ್ಡ ಹಿಕ್ಕಿ ಕೋಡಿಗೆ ಒಂದೇ, ಪಾರ್ಟಿಗೆ ಅಲ್ಲ.

ನಿಮ್ಮಂಥ ಪ್ರೆಸ್ಸಿಗೆ ಸಿಗುವ ಒಂದು ಅನುಕೂಲ ಹೇಳುತ್ತೇನೆ. ಒಂದು ಶೀಟಿನಲ್ಲಿ ಅದೇ ಪೆಟ್ಟಿಗೆ ಹಲವು ಅಪ್, ಅಂದರೆ ಹಲವು ಪ್ರತಿ, ಇರುತ್ತದಲ್ಲ, ಅವನ್ನು ಅವುಗಳ ನಡುವೆಯೇ ಹೋಲಿಸಬಹುದು. ಧೂಳಿನ ಹಿಕ್ಕಿ ಎಲ್ಲ ಅಪ್‌ಗಳಲ್ಲೂ ಒಂದೇ ಜಾಗದಲ್ಲಿ ಬೀಳುವುದಿಲ್ಲ, ಆದ್ದರಿಂದ ಬೇರೆಯದಾಗಿ ನಿಂತ ಅಪ್ ಯಾವುದು ಎಂದು ತಕ್ಷಣ ಗೊತ್ತಾಗುತ್ತದೆ. ಆರಿಸುವಾಗ ಶೀಟು ಓಡುವ ದಿಕ್ಕಿನಲ್ಲಿ ಒಂದರ ಹಿಂದೊಂದು ಇರುವ ಅಪ್‌ಗಳನ್ನು ಆರಿಸಿ. ಇಂಕಿನ ಪ್ರಮಾಣ ಹೊಂದಿಸುವ ಇಂಕ್ ಕೀಗಳು ಶೀಟಿನ ಅಗಲಕ್ಕೆ ಇರುವುದರಿಂದ, ಒಂದೇ ಸಾಲಿನ ಅಪ್‌ಗಳಿಗೆ ಒಂದೇ ಕೀಯಿಂದ ಇಂಕು ಬರುತ್ತದೆ, ಬಣ್ಣದ ಏರಿಳಿತ ಕಡಿಮೆ. ಫೈಲಿನ ತಪ್ಪು ಇದರಲ್ಲಿ ಸಿಗುವುದಿಲ್ಲ, ಅದು ಎಲ್ಲ ಅಪ್‌ನಲ್ಲೂ ಇರುತ್ತದೆ. ಅದಕ್ಕೆ ಪಿಡಿಎಫ್ ಹೋಲಿಕೆ ಇದ್ದೇ ಇದೆ.

ಡೀಪ್ ಲರ್ನಿಂಗ್ ಸದ್ಯಕ್ಕೆ ಬೇಡ. ಒಳ್ಳೆಯ ಮಾದರಿಗಳನ್ನಷ್ಟೇ ನೋಡಿ ಕಲಿತು, ವಿಚಿತ್ರವಾದದ್ದನ್ನು ಗುರುತಿಸುವ ವಿಧಾನಗಳು ಈಗ ಚೆನ್ನಾಗಿ ಬೆಳೆದಿವೆ. ಅವನ್ನು ಪರೀಕ್ಷಿಸಲು 2019ರಲ್ಲಿ ಬಂದ ಎಂವಿಟೆಕ್ ಎಡಿ ಸಂಗ್ರಹದಲ್ಲಿ 15 ಬಗೆಯ ವಸ್ತುಗಳ 5,354 ಚಿತ್ರಗಳಿವೆ: ಚರ್ಮ, ಮರ, ಕಾರ್ಪೆಟ್, ಮಾತ್ರೆ, ಸ್ಕ್ರೂ ಹೀಗೆ. ಮರದ ಹಲಗೆಗೆ ‘ಇದೇ ಸರಿಯಾದ ಹಲಗೆ’ ಎಂಬ ಒಂದು ಮಾದರಿ ಇಲ್ಲ, ಅಲ್ಲಿ ಕಲಿಕೆ ಬೇಕು. ನಿಮ್ಮ ಬಳಿ ಪ್ರತಿ ಪಿಕ್ಸೆಲ್ ಹೇಗಿರಬೇಕು ಎಂಬ ಮಾದರಿ ಸಹಿ ಸಮೇತ ಇದೆ. ಅದನ್ನು ಬಿಟ್ಟು ಊಹಿಸುವ ಯಂತ್ರಕ್ಕೆ ಹೋಗುವುದು ಏಕೆ?

ಕೊನೆಗೆ ಪರೀಕ್ಷೆ. ಒಳ್ಳೆಯ ಶೀಟುಗಳ ಮೇಲೆ ನೀವೇ ತಪ್ಪು ಮಾಡಿ: ಬಿಳಿ ಇಂಕಿನಿಂದ ಒಂದು ದೀರ್ಘ ಅಳಿಸಿ, ತೆಳು ಪೆನ್ನಿನಿಂದ ಒಂದು ಚುಕ್ಕೆ ಇಡಿ, ಬ್ಲೇಡಿನಿಂದ ಒಂದು ಗೀರು ಎಳೆಯಿರಿ. ಮಷೀನು ಹೊಂದಿಸುವಾಗ ಬರುವ, ರಿಜಿಸ್ಟರ್ ತಪ್ಪಿದ ಮೇಕ್‌ರೆಡಿ ಶೀಟುಗಳನ್ನು ರದ್ದಿಗೆ ಹಾಕುವ ಬದಲು ಎತ್ತಿಡಿ. ಇವನ್ನೂ ಒಳ್ಳೆಯ ಶೀಟುಗಳನ್ನೂ ಬೆರೆಸಿ ಕೋಡಿಗೆ ಕೊಟ್ಟು ಎರಡು ಲೆಕ್ಕ ಬರೆಯಿರಿ: ಬಿಟ್ಟುಹೋದ ತಪ್ಪೆಷ್ಟು, ಸುಮ್ಮನೆ ಕೂಗಿದ್ದೆಷ್ಟು. ಎರಡನೆಯದನ್ನು ಹಗುರವಾಗಿ ನೋಡಬೇಡಿ. ಒಂದು ಶಿಫ್ಟಿನಲ್ಲಿ ನಾಲ್ಕು ಸಲ ಸುಮ್ಮಸುಮ್ಮನೆ ಮಷೀನು ನಿಲ್ಲಿಸಿದರೆ, ಐದನೆಯ ಸಲ ಆಪರೇಟರ್ ನಿಮ್ಮ ಕಂಪ್ಯೂಟರನ್ನೇ ಆಫ್ ಮಾಡುತ್ತಾರೆ. ಮೊದಲ ಕೆಲವು ವಾರ ಕೋಡಿಗೆ ಮಷೀನು ನಿಲ್ಲಿಸುವ ಅಧಿಕಾರ ಕೊಡದೆ, ಅನುಮಾನದ ಜಾಗಕ್ಕೆ ಕೆಂಪು ಚೌಕ ಹಾಕಿ ತೋರಿಸುವ ಕೆಲಸವನ್ನಷ್ಟೇ ಕೊಡಿ. ಆ ಚೌಕದೊಳಗೆ ಕಣ್ಣು ಹಾಯಿಸಿ ನೋಡುವವರು ಕನ್ನಡ ಓದಬಲ್ಲವರಾಗಿರಲಿ.